ಬೆಳಗಿನ ಖಾಲಿ ಕಾರ್ಬ್ಯುರೇಟರು

ಮುಧೋಳದ ಬ್ಯಾಂಕ್ ಗುಮಾಸ್ತ ಅಮೋಲನಿಗೆ ಎರಡು ಸೀಟಿನ ತನ್ನ ಹಳೆಯ ಸ್ಪೋರ್ಟ್ಸ್ ಕಾರೆಂದರೆ ಜೀವ. ಬೆಳಗಾದರೆ ಅದರ ಕಾರ್ಬ್ಯುರೇಟರಿನಲ್ಲಿ ಹನಿ ಪೆಟ್ರೋಲೂ ಉಳಿದಿರುತ್ತಿರಲಿಲ್ಲ. ಎಲ್ಲಿ ಸೋರುತ್ತದೆಂದು ಅವನು ಕಾರಿನಡಿ ತೆವಳಿ, ಪೈಪುಪೈಪಿಗೂ ಮೂಗು ಹಚ್ಚಿ ಮೂಸುತ್ತಿದ್ದ. "ನಮ್ಮ ಮುಧೋಳ ನಾಯಿ ಕಣ್ಣಿಲೆ ಬ್ಯಾಟಿ ಆಡ್ತಾವ, ಇವರದು ಬರೇ ಮೂಗು" ಎಂದು ನಗುತ್ತಲೇ ಹೆಂಡತಿ ಪ್ರತಿಮಾ ಸ್ಟೇರಿಂಗ್ ಮುಂದೆ ಕೂರುತ್ತಿದ್ದಳು. ಅವನು ಕೈಪಂಪಿನಿಂದ ಪೆಟ್ರೋಲು ಏರಿಸಿ "ಹಾಂ, ಈಗ ಚಾಲೂ ಮಾಡ!" ಅನ್ನುವತನಕ ತಾನು ಕಲಿಸುವ ಸಾಲಿಯ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ಕಡೆಗೊಮ್ಮೆ ಕಳ್ಳ ಸಿಕ್ಕ, ಕಾರ್ಬ್ಯುರೇಟರಿನ ತಳದ ಒಡೆದ ವಾಷರು. ಹೊಸದು ಹಾಕಿದ ಮರುದಿನ ಕಾರು ಒಂದೇ ಸಲಕ್ಕೆ ಚಾಲೂ ಆಯಿತು. ಸ್ಟೇರಿಂಗ್ ಮುಂದೆ ಕೂರುವ ಕೆಲಸವಿಲ್ಲದ ಪ್ರತಿಮಾ, ಸುದ್ದಿ ಹೇಳದೆಯೇ ಸಾಲಿಗೆ ಹೋಗುವ ಬಸ್ಸಿಗೆ ನಡೆದಳು. ಅಂದಿನಿಂದ ಅಮೋಲ ಅವಳಿಗಿಂತ ಮೊದಲೇ ಎದ್ದು, ಕಾರ್ಬ್ಯುರೇಟರಿನ ಪೆಟ್ರೋಲನ್ನು ತಾನೇ ಬಾಟಲಿಗಿಳಿಸಿ, "ಪ್ರತಿಮಾ, ಮತ್ತ ಖಾಲಿ ಆಗೇತಿ ನೋಡ" ಎಂದು ಕೂಗುತ್ತಾನೆ. "ಬಂದೆ ರೀ" ಎನ್ನುತ್ತ ಬರುವ ಪ್ರತಿಮಾ, ಅವನು ಸೀಟಿನ ಮೇಲೆ ಮರೆತ ಬಾಟಲಿಯನ್ನು ಮೆಲ್ಲಗೆ ಮರೆಗೆ ಸರಿಸಿ ಕೂರುತ್ತಾಳೆ.