ಕೊಡದೆ ಇಟ್ಟುಕೊಂಡ ಟಿ.ಸಿ. ಅರ್ಜಿ

ಮಣ್ಣೂರಿನಿಂದ ಅಫಜಲಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನ್ನ ಪರ್ಸಿನೊಳಗೆ ನಾಲ್ಕು ಆಧಾರ್ ಕಾರ್ಡು ಇರುತ್ತಿದ್ದವು. ಒಂದು ನನ್ನದು, ಉಳಿದವು ನನ್ನ ಜೊತೆ ಬರುವ ಮೂವರು ಹುಡುಗಿಯರದು. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಕಂಡಕ್ಟರ್ ಕಾರ್ಡು ಕೇಳುತ್ತಾನೆ, ಹುಡುಗಿಯರು ಮರೆತು ಬರುತ್ತಾರೆ. ಅದಕ್ಕೇ ಎಲ್ಲವೂ ನನ್ನ ಹತ್ತಿರ. ನಮ್ಮ ಓಣಿಯಲ್ಲಿ ಹುಡುಗಿ ಒಬ್ಬಳನ್ನೇ ಕಾಲೇಜಿಗೆ ಕಳಿಸುವ ಪದ್ಧತಿ ಇಲ್ಲ. ಜೋಡಿ ಬೇಕು, ಜೋಡಿಗೆ ಒಬ್ಬಳು ದೊಡ್ಡಾಕೆ ಬೇಕು. ಒಂದೆರಡು ವರ್ಷ ಮೊದಲು ಹುಟ್ಟಿದ ತಪ್ಪಿಗೆ ಆ ಪಟ್ಟ ನನಗೆ ಬಂದಿತ್ತು. ನನ್ನನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನ ಒಬ್ಬಳ ತಾಯಿ ಬಸ್ಸು ನಿಲ್ಲುವ ಬೇವಿನ ಗಿಡದ ಕೆಳಗೆ, "ಮಗಳನ್ನ ನಿನ್ನ ಉಡ್ಯಾಗ ಹಾಕೀನಿ ನೋಡವಾ" ಅಂದಳು. ನಮ್ಮ ಓಣಿಯ ಟೇಲರಮ್ಮ ತನ್ನ ಮಗಳ ಕೈಯನ್ನು ನನ್ನ ಕೈಯಲ್ಲಿಟ್ಟು, "ನಿನ್ನ ಭರೋಸಾದ ಮ್ಯಾಲ ಕಳಸಾಕತ್ತೀನಿ ಬೇಟಾ" ಅಂದಳು. ನಾನು ತಲೆಯಾಡಿಸಿ ಬಸ್ ಹತ್ತಿದೆ. ನೇಮಕಾತಿ ಮುಗಿಯಿತು.

ಆಗ ನಾನು ಬಿ.ಎಸ್ಸಿ. ಮೊದಲ ವರ್ಷ. ಟೇಲರಮ್ಮನ ಮಗಳು ಪಿಯುಸಿ ಎರಡನೇ ವರ್ಷ, ಇನ್ನಿಬ್ಬರು ಪಿಯುಸಿ ಮೊದಲನೇ ವರ್ಷ. ನನ್ನ ಕಾಲೇಜು ಕೆಟ್ಟದ್ದೇನಲ್ಲ, ಪಾಠ ಮಾಡುವವರು ಮಾಡುತ್ತಿದ್ದರು. ಆದರೆ ನನ್ನ ಮನಸ್ಸು ಮೊದಲಿನಿಂದಲೂ ಹೈದರಾಬಾದಿನ ಒಂದು ವಿಶ್ವವಿದ್ಯಾಲಯದ ಮೇಲಿತ್ತು. ಅದರ ಫೋಟೋಗಳನ್ನು ಫೋನಿನಲ್ಲಿ ನೋಡಿ ನೋಡಿ, ಅಲ್ಲಿಯ ಗ್ರಂಥಾಲಯಕ್ಕೆ ಎಷ್ಟು ಮೆಟ್ಟಿಲು ಎಂಬುದೂ ಬಾಯಿಪಾಠವಾಗಿತ್ತು. ಪಿಯುಸಿ ಮುಗಿದಾಗ ಸೀಟು ಸಿಗಲಿಲ್ಲ. ಖಾಲಿ ಉಳಿದ ಸೀಟುಗಳಿಗೆ ನೇರವಾಗಿ ಎರಡನೇ ವರ್ಷಕ್ಕೆ ತೆಗೆದುಕೊಳ್ಳುತ್ತಾರೆಂದು ತಿಳಿದು ಮತ್ತೆ ಅರ್ಜಿ ಹಾಕಿದೆ, ಅಪ್ಪನ ಜೊತೆ ಹೋಗಿ ಪರೀಕ್ಷೆ ಬರೆದೆ. ಈ ಸಲ ಸೀಟು ಬಂತು. ಹತ್ತು ದಿನದೊಳಗೆ ಹಳೆಯ ಕಾಲೇಜಿನ ಟಿ.ಸಿ. ತಂದು ಸೇರಬೇಕೆಂದು ಫೋನಿಗೆ ಸಂದೇಶ ಬಂತು.

ಮನೆಯಲ್ಲಿ ದೊಡ್ಡ ಜಗಳವಾಗುತ್ತದೆಂದು ನಾನು ಮಾತುಗಳನ್ನೆಲ್ಲ ಜೋಡಿಸಿ ಇಟ್ಟುಕೊಂಡಿದ್ದೆ. ಅಪ್ಪ ಹೊಲದಿಂದ ಬಂದು ಕಾಲು ತೊಳೆಯುತ್ತ, "ಹೋಗು. ನಾ ಬಂದ್ ಬಿಟ್ಟ ಬರ್ತೀನಿ" ಅಂದ. ಅವ್ವ, "ಹಾಸಿಗಿ ಅವರೇ ಕೊಡ್ತಾರೋ ಇಲ್ಲಿಂದ ಒಯ್ಯಬೇಕೋ, ಕೇಳು" ಅಂದಳು. ನನಗೆ ಖುಷಿಯಾಗಬೇಕಿತ್ತು. ಸಿಟ್ಟು ಬಂತು. ಬೇಡವೆನ್ನುವವರು ಯಾರೂ ಇಲ್ಲದಿದ್ದರೆ ನಿರ್ಧಾರ ಪೂರ್ತಿ ನಮ್ಮ ತಲೆಯ ಮೇಲೇ ಬಂದು ಕೂರುತ್ತದೆ.

ಬೇಡವೆನ್ನುವವರು ಮರುದಿನ ಬಂದರು. ಟೇಲರಮ್ಮ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಬಂದು ನಮ್ಮ ಕಟ್ಟೆಯ ಮೇಲೆ ಕೂತಳು. "ನೀ ಹೋದ್ರ ನಮ್ಮಾಕಿನ್ನ ಯಾರ ಜೋಡಿ ಕಳಸ್ಲಿ? ಪಿಯುಸಿ ಆಗ್ಯದ, ಸಾಕ್ ಮಾಡಿ ಮಷೀನ್ ಮ್ಯಾಲ ಕೂಡ್ರಸ್ತೀನಿ." ಉಳಿದಿಬ್ಬರ ತಾಯಂದಿರೂ ಅದೇ ರಾಗ ತೆಗೆದರು.

"ನಿಮ್ಮ ಮಕ್ಕಳಿಗೆ ಕಾಲಿಲ್ಲೇನ್ರಿ?" ಅಂದುಬಿಟ್ಟೆ. ನನ್ನ ಬಾಯಿಗೆ ಬೀಗ ಇಲ್ಲ ಎಂಬುದು ಊರಿಗೇ ಗೊತ್ತು, ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಟೇಲರಮ್ಮನ ಮಗಳು ಮಾತ್ರ ಬಾಗಿಲ ಹತ್ತಿರ ನಿಂತು ನೆಲ ನೋಡುತ್ತಿದ್ದಳು. ಅವಳು ಅಳುತ್ತಿದ್ದರೆ ನಾನು ಇನ್ನೆರಡು ಮಾತು ಜೋರಾಗಿ ಆಡುತ್ತಿದ್ದೆನೇನೋ. ಅವಳು ಅಳಲಿಲ್ಲ.

ಎಂಟನೆಯ ದಿನ ಕಾಲೇಜಿನ ಆಫೀಸಿಗೆ ಹೋದೆ. ಗುಮಾಸ್ತರು ಟಿ.ಸಿ. ಅರ್ಜಿಯ ಫಾರ್ಮು ಕೊಟ್ಟು, "ತಂಗಿ, ಟಿ.ಸಿ. ಒಮ್ಮೆ ಒಯ್ದಿ ಅಂದ್ರ ಇಲ್ಲಿ ಸೀಟು ಮತ್ತ ಸಿಗಂಗಿಲ್ಲ. ವಿಚಾರ ಮಾಡಿ ಕೊಡು" ಅಂದರು. ಹೊರಗಿನ ಬೆಂಚಿನ ಮೇಲೆ ಕೂತು ಹೆಸರು, ಊರು, ತರಗತಿ ಎಲ್ಲ ಬರೆದೆ. "ಕಾಲೇಜು ಬಿಡಲು ಕಾರಣ" ಎಂಬಲ್ಲಿಗೆ ಬಂದಾಗ ಪೆನ್ನು ನಿಂತಿತು. ಕಣ್ಣ ಮುಂದೆ ಬಂದದ್ದು ಹುಡುಗಿಯರಲ್ಲ, ಪರೀಕ್ಷೆಯ ದಿನ.

ಅವತ್ತು ಅಲ್ಲಿಯ ವಿದ್ಯಾರ್ಥಿನಿ ಒಬ್ಬಳನ್ನು ಪರೀಕ್ಷೆಯ ಕೋಣೆ ಎಲ್ಲಿ ಎಂದು ಕೇಳಿದ್ದೆ. ಅವಳು ಇಂಗ್ಲಿಷಿನಲ್ಲಿ ಪಟಪಟನೆ ಹೇಳಿದಳು. ಒಂದಕ್ಷರ ತಿಳಿಯದೆ "ಎಸ್, ಎಸ್" ಎಂದು ತಲೆಯಾಡಿಸಿ, ಆಕೆ ತೋರಿಸಿದ್ದಕ್ಕೆ ಉಲ್ಟಾ ದಿಕ್ಕಿಗೆ ಹೋಗಿದ್ದೆ. ಮಧ್ಯಾಹ್ನ ಗಿಡದ ಕೆಳಗೆ ಅಪ್ಪನೂ ನಾನೂ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಬಿಚ್ಚಿದಾಗ ನಾಲ್ಕು ಜನ ವಿದ್ಯಾರ್ಥಿಗಳು ಹತ್ತಿರ ಬಂದರು. ನಾನು ಬುತ್ತಿಯ ಮೇಲೆ ದುಪಟ್ಟಾ ಎಳೆದೆ. ಅಪ್ಪ ನೋಡಿದ. ಕೈಯಲ್ಲಿದ್ದ ತುತ್ತನ್ನು ಅವರು ದಾಟಿಹೋಗುವ ತನಕ ಬಾಯಿಗಿಡಲಿಲ್ಲ. ಆ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಅರ್ಜಿಯನ್ನು ಮಡಚಿ ಬಾಟನಿ ರೆಕಾರ್ಡ್ ಪುಸ್ತಕದಲ್ಲಿಟ್ಟೆ. "ನಾಳಿಗಿ ಕೊಡ್ತೀನ್ರಿ" ಎಂದು ಗುಮಾಸ್ತರಿಗೆ ಹೇಳಿ ಬಂದೆ. ಹತ್ತನೆಯ ದಿನ ದಾಟಿತು.

ಕೇಳಿದವರಿಗೆಲ್ಲ ಹುಡುಗಿಯರ ಸಲುವಾಗಿ ನಿಂತೆ ಎಂದೆ. ಎಷ್ಟು ಸಲೀಸಾಗಿ ಹೇಳಿದೆ ಎಂದರೆ ನಾಲ್ಕು ದಿನದಲ್ಲಿ ನಾನೇ ನಂಬಿದೆ. ಓಣಿಯಲ್ಲಿ ನನ್ನ ಬೆಲೆ ಏರಿತು. ಟೇಲರಮ್ಮ ಹಸಿರು ಬಣ್ಣದ ಒಂದು ಚೂಡಿದಾರ ಹೊಲಿದು ತಂದುಕೊಟ್ಟು, ನನ್ನ ಗಲ್ಲ ಮುಟ್ಟಿ ದೃಷ್ಟಿ ತೆಗೆದು ನೆಟಿಕೆ ಮುರಿದಳು. ಮಗಳನ್ನು ನನ್ನ ಕಾಲೇಜಿಗೇ ಸೇರಿಸಿದಳು. ಅವ್ವ ಮಾತ್ರ ರೊಟ್ಟಿ ಬಡಿಯುತ್ತ ಕೇಳಿದಳು: "ಹುಡುಗ್ಯಾರ ಸಲುವಾಗಿ ನಿಂತಿ, ಖರೇನಾ? ಕುಣೀಲಾರದಾಕಿ ನೆಲ ಡೊಂಕು ಅಂದಳಂತ." ನಾನು ತಾಟು ಬಿಟ್ಟು ಎದ್ದೆ. ಎರಡು ದಿನ ಅವಳೊಡನೆ ಮಾತಾಡಲಿಲ್ಲ. ಅವ್ವ ಅಂದದ್ದು ಸುಳ್ಳಾಗಿದ್ದರೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ನನಗೆ ಜ್ವರ ಬಂದು ಎಂಟು ದಿನ ಮಲಗಿದೆ. ಇನ್ನು ಇವರ ಕಾಲೇಜು ನಿಂತಿತು ಅಂದುಕೊಂಡೆ. ಹುಡುಗಿಯರು ಬಂದು ಕಾರ್ಡುಗಳನ್ನು ಒಯ್ದರು, ಎಂಟೂ ದಿನ ತಾವೇ ಹೋಗಿಬಂದರು. ಯಾವ ತಾಯಿಯೂ ಚಕಾರ ಎತ್ತಲಿಲ್ಲ. ಒಂಬತ್ತನೆಯ ದಿನ ಕಾರ್ಡು ಮತ್ತೆ ನನ್ನ ಪರ್ಸಿಗೆ ಬಂದವು, ನಾನು ಏನೂ ಆಗಿಲ್ಲವೆಂಬಂತೆ ಎಣಿಸಿಕೊಂಡೆ.

ಆ ವರ್ಷ ಮುಗಿದಾಗ ಟೇಲರಮ್ಮನ ಮಗಳಿಗೆ ಅದೇ ವಿಶ್ವವಿದ್ಯಾಲಯದಲ್ಲಿ, ಅದೇ ರೀತಿ ಎರಡನೇ ವರ್ಷಕ್ಕೆ ಸೀಟು ಬಂತು. ಅರ್ಜಿ ಹಾಕಿದ್ದನ್ನೂ ಅವಳು ನನಗೆ ಹೇಳಿರಲಿಲ್ಲ. ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದೆವು. ಇನ್ನಿಬ್ಬರು ಮಿರ್ಚಿ ಭಜಿ ತರಲು ಹೋಗಿದ್ದರು. ಅವಳು ಫೋನು ತೋರಿಸಿ, ನಾನು ಬಾಯಿ ತೆಗೆಯುವ ಮೊದಲೇ, "ನಾ ಹೋಗಂಗಿಲ್ಲ ಅಕ್ಕಾ" ಅಂದಳು.

"ಯಾಕ್ಬೇ?"

"ಮುಂದಿನ ವರ್ಷ ನಿಂದು ಮುಗೀತದ. ಈ ಇಬ್ಬರನ್ನ ಯಾರ್ ಕರಕೊಂಡ್ ಬರಬೇಕು? ನೀ ನಮ್ಮ ಸಲುವಾಗಿ ನಿಂತಂಗ ನಾನೂ ನಿಂದರ್ತೀನಿ."

ಅವತ್ತು ನಾನು ಅದೇ ಹಸಿರು ಚೂಡಿದಾರ ತೊಟ್ಟಿದ್ದೆ. ಸುಮ್ಮನಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು, ಅವಳ ಓದು ಇಲ್ಲೇ ಉಳಿಯುತ್ತಿತ್ತು. ಹೆದರಿಕೆಯಾಯಿತು, ಆದರೂ ಹೇಳಿದೆ.

"ನಿಮ್ಮ ಸಲುವಾಗಿ ನಿಂತಿಲ್ಲ ನಾನು. ಅಂಜಿ ನಿಂತೆ. ಅಲ್ಲಿ ಇಂಗ್ಲಿಷ್ ಬರಂಗಿಲ್ಲಂತ ಅಂಜಿದೆ. ಅಪ್ಪನ ಬುತ್ತಿ ಮುಚ್ಚಿಟ್ಟೆ. ಬರೇ ನಿಮ್ಮ ಹೆಸರು ಹೇಳಿದೆ."

ಅವಳು ಫೋನನ್ನು ಚೀಲಕ್ಕೆ ಹಾಕಿದಳು. ಬಯ್ಯುತ್ತಾಳೆ ಅಂದುಕೊಂಡೆ, ಬಯ್ದಿದ್ದರೂ ಕೇಳಿಸಿಕೊಳ್ಳುತ್ತಿದ್ದೆ. "ನಂಗೂ ಅಂಜಿಕಿ ಅದ ಅಕ್ಕಾ" ಅಂದಳು. "ಹೆಂಗ್ ಹೇಳ್ಬೇಕು ತಿಳೀಲಿಲ್ಲ. ನಿನ್ನ ಹೆಸರು ಸಿಕ್ತು, ಹೇಳಿದೆ."

ಇಬ್ಬರಿಗೂ ನಗು ಬಂತು. ಭಜಿ ತಂದ ಹುಡುಗಿಯರು ಏನಾಯಿತು ಏನಾಯಿತು ಎಂದು ಕೇಳಿದರು, ಹೇಳಲಿಲ್ಲ.

ಸಂಜೆ ಟೇಲರಮ್ಮನ ಮನೆಗೆ ಹೋಗಿ ಆಕೆಗೂ ಇದ್ದದ್ದು ಇದ್ದಂತೆ ಹೇಳಿದೆ. ಆಕೆ ಮಷೀನು ನಿಲ್ಲಿಸಿ ಕೇಳಿದಳು, ಆಮೇಲೆ ನನ್ನ ಚೂಡಿದಾರದ ತೋಳು ಹಿಡಿದು ನೋಡಿ, "ಹೊಲಿಗಿ ಬಿಟ್ಟಾದ, ಬಿಚ್ಚಿ ಕೊಡು, ಹಾಕಿ ಕೊಡ್ತೀನಿ" ಅಂದಳು. ಮಗಳ ಬಗ್ಗೆ ರಾತ್ರಿ ಅವರಲ್ಲಿ ಏನು ಮಾತಾಯಿತೋ ಗೊತ್ತಿಲ್ಲ. ಬೆಳಗ್ಗೆ ಹುಡುಗಿ ಬೇವಿನ ಗಿಡದ ಕೆಳಗೆ ಎಲ್ಲರಿಗಿಂತ ಮೊದಲು ನಿಂತಿದ್ದಳು.

ಆಫೀಸಿನಲ್ಲಿ ಅದೇ ಗುಮಾಸ್ತರು, ಅದೇ ಫಾರ್ಮು. ಅದೇ ಬೆಂಚಿನ ಮೇಲೆ ಕೂತೆವು. "ನಿನ್ನ ಅರ್ಜಿ ಇನ್ನೂ ಅದೇನು? ತಾ, ನೋಡಿ ತುಂಬ್ತೀನಿ" ಅಂದಳು. ಅವತ್ತು ಹಳೆಯ ರೆಕಾರ್ಡ್ ಪುಸ್ತಕವನ್ನು ಜೊತೆಗೇ ತಂದಿದ್ದೆ, ಅದರಿಂದ ತೆಗೆದುಕೊಟ್ಟೆ. ಅವಳು ಒಂದೊಂದೇ ಸಾಲು ನೋಡಿಕೊಂಡು ತನ್ನದನ್ನು ತುಂಬಿದಳು. ಕಾರಣದ ಸಾಲಿಗೆ ಬಂದು ನಿಂತಳು. ನನ್ನದರಲ್ಲಿ ಅದು ಖಾಲಿಯಿತ್ತು.

"ಇಲ್ಲೇನ್ ಬರೀಲಿ?"

"ಅಲ್ಲಿ ನಂದ್ ನೋಡಬ್ಯಾಡ."

ಪೆನ್ನಿನ ತುದಿ ಕಚ್ಚುತ್ತ ಸ್ವಲ್ಪ ಹೊತ್ತು ಕೂತು ಬರೆದಳು: "ಅಲ್ಲಿ ಓದಬೇಕೆಂಬ ಆಸೆ ಇದೆ." ಗುಮಾಸ್ತರು ಓದಿ, "ಹಿಂಗೆಲ್ಲ ಬರಿಯಂಗಿಲ್ಲ ತಂಗಿ" ಎಂದು ನಕ್ಕು ಮೊಹರು ಒತ್ತಿದರು. ನಾನು ಪರ್ಸು ತೆಗೆದು ಅವಳ ಆಧಾರ್ ಕಾರ್ಡು ಅವಳ ಕೈಗೆ ಕೊಟ್ಟೆ. ನನಗೂ ಅಷ್ಟೇ ಕಾರಣವಿತ್ತು. ನಾನು ಬರೆದಿರಲಿಲ್ಲ.