ಅಪ್ಪನ ಪಂಚೆಯ ಅಂಗಿ

ಕಳೆದ ತಿಂಗಳ ಒಂದು ಭಾನುವಾರ, ಹಾಲು ಕಾಯಿಸಿ ಇಳಿಸಿದ ಮೇಲೆ, ಅಂಗಳಕ್ಕೆ ಬಂದು ನಿಂತು ನನ್ನ ಮಗನ ಹಲ್ಲುಗಳನ್ನು ಒಂದೊಂದಾಗಿ ಮನೆಯ ಮೇಲಕ್ಕೆ ಎಸೆದೆ. ಗಾಬರಿಯಾಗಬೇಡಿ, ಹಾಲುಹಲ್ಲುಗಳು. ಕುಂಕುಮದ ಹಳೆಯ ಭರಣಿಯೊಂದರಲ್ಲಿ ಹತ್ತಿಯ ಮೇಲೆ ಮಲಗಿದ್ದ ಹನ್ನೊಂದು ಹಲ್ಲು. ನಮ್ಮ ಕಡೆ ಮಕ್ಕಳ ಹಲ್ಲು ಬಿದ್ದರೆ ಸಗಣಿಯಲ್ಲಿ ಉಂಡೆ ಕಟ್ಟಿ ಹೆಂಚಿನ ಮೇಲೆ ಎಸೆಯುವುದು ವಾಡಿಕೆ. ಹೊಸ ಹಲ್ಲು ಬೇಗ ಬರಲಿ ಎಂದು. ನಾನು ಎಸೆಯದೆ ಕೂಡಿಟ್ಟಿದ್ದೆ. ಈಗ ಹೆಂಚೂ ಇಲ್ಲ, ತಾರಸಿ ಮನೆ. ಮೇಲೆ ನೀರಿನ ಟ್ಯಾಂಕು ತೊಳೆಯುತ್ತಿದ್ದ ನಮ್ಮ ಯಜಮಾನರ ಬೆನ್ನಿಗೆ ಒಂದು ಹಲ್ಲು ತಗುಲಿತು.

"ಏನೇ ಸರೋಜ, ಇಂಥ ಬಿಸ್ಲಲ್ಲಿ ಆಲಿಕಲ್ಲು ಬೀಳ್ತಾವಲ್ಲೇ!"

"ಆಲಿಕಲ್ಲಲ್ಲ ರೀ, ನಿಮ್ಮ ಮಗನ ಹಲ್ಲು."

"ಅಯ್ಯೋ, ಮದುವೆ ಇನ್ನೂ ಎರಡು ತಿಂಗಳೈತೆ, ಈಗ್ಲೇ ಉದುರಿಸ್ಬಿಟ್ಯಾ?"

ಹೌದು, ಮಗನಿಗೆ ಮದುವೆ. ಬರುವ ಸೊಸೆ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಾಳೆ. ಸೂಲಿಬೆಲೆಯ ನಮ್ಮ ಮನೆಯಲ್ಲಿ ಇರುವ ಮೂರು ಕೋಣೆಗಳಲ್ಲಿ ಒಂದು ಇಪ್ಪತ್ತು ವರ್ಷಗಳಿಂದ ಯಾರಿಗೂ ಸೇರಿರಲಿಲ್ಲ. ಅದು ನನ್ನ ಮಕ್ಕಳ ಬಾಲ್ಯಕ್ಕೆ ಸೇರಿತ್ತು. ಹುಡುಗಿಗೆ ಬಾಗಿಲು ಹಾಕಿಕೊಂಡು ಓದಲು ಒಂದು ಕೋಣೆ ಬೇಕು ಎಂದು ನಾನೇ ಎಲ್ಲರ ಮುಂದೆ ಹೇಳಿದೆ. ಹೇಳಿದ ಮೇಲೆ ಮಾಡಬೇಕು. ನಾನು ಓದಿದ್ದು ಹುಲ್ಲು ತುಂಬುವ ಕೊಟ್ಟಿಗೆಯ ಮೂಲೆಯಲ್ಲಿ, ಬೂಸದ ಮೂಟೆಗೆ ಬೆನ್ನು ಕೊಟ್ಟು. ನನ್ನ ಸೊಸೆ ಕುರ್ಚಿಯ ಮೇಲೆ ಕೂತು ಓದಲಿ.

ನಮ್ಮ ವಂಶದಲ್ಲಿ ಮೊದಲ ಡಿಗ್ರಿ ನನ್ನದು. ಬಿ.ಎಸ್ಸಿ., ರಸಾಯನಶಾಸ್ತ್ರ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ; ಪದವಿ ಪ್ರದಾನದ ಫೋಟೋ ದೇವರ ಪಟಗಳ ಸಾಲಿನಲ್ಲೇ ನೇತಾಡುತ್ತಿದೆ, ಯುಗಾದಿಗೆ ಅದಕ್ಕೂ ಹೂ ಬೀಳುತ್ತದೆ. ಆ ಡಿಗ್ರಿಯಿಂದಲೇ ಹಾಲು ಶೀತಲೀಕರಣ ಕೇಂದ್ರದ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದೆ. ಬಂದ ಹಾಲು ಒಳ್ಳೆಯದೋ ಕೆಟ್ಟದ್ದೋ ಎಂದು ನೋಡುವುದು, ಕೆಟ್ಟಿದ್ದರೆ ಯಾರದಾದರೂ ಸರಿ, ಚೆಲ್ಲಿ ಎನ್ನುವುದು. ಹಾಗೆ ದಿನವೂ ಕ್ಯಾನುಗಟ್ಟಲೆ ಚೆಲ್ಲಿಸಿದ ಕೈಗೆ ಮನೆಯಲ್ಲಿ ಒಂದು ಬಳಪದ ತುಂಡನ್ನು ಎಸೆಯಲು ಬರಲಿಲ್ಲವೆಂದರೆ ನೀವು ನಗುತ್ತೀರಿ. ನಗಿ. ಆದರೆ ಕಾರಣವನ್ನೂ ಕೇಳಿಕೊಳ್ಳಿ.

ನನ್ನ ಬಾಲ್ಯದ್ದೆಂದು ತೋರಿಸಲು ನನ್ನ ಬಳಿ ಒಂದು ಕಡ್ಡಿಯೂ ಇಲ್ಲ. ಸ್ಲೇಟು ಒಡೆಯಿತು, ಪುಸ್ತಕಗಳು ವರ್ಷ ಮುಗಿದ ಮರುದಿನವೇ ಹಿಂದಿನ ತರಗತಿಯ ಮಗುವಿನ ಚೀಲ ಸೇರಿದವು, ಲಂಗಗಳು ಹರಿದು ಮಸಿಬಟ್ಟೆಯಾದವು. ನನ್ನ ಮೊದಲ ಫೋಟೋ ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ಟಿನದು, ಅದರಲ್ಲೂ ಅರ್ಧ ಮುಖ ಸೀಲಿನ ಕೆಳಗೆ. ಹದಿನೈದು ತುಂಬುವ ಮೊದಲೂ ನಾನಿದ್ದೆ ಎನ್ನುವುದಕ್ಕೆ ಅಕ್ಕನ ನೆನಪೊಂದೇ ಸಾಕ್ಷಿ. ಹೀಗಿರುವವಳು ತಾಯಿಯಾದರೆ ಏನು ಮಾಡುತ್ತಾಳೆ? ಮಕ್ಕಳು ಮುಟ್ಟಿದ್ದೆಲ್ಲವನ್ನೂ ಎತ್ತಿಡುತ್ತಾಳೆ. ಮಗ ಮೊದಲು ಬರೆದ ಅಕ್ಷರ, ಮಗಳ ಕಿರುಪರೀಕ್ಷೆಯ ಉತ್ತರಪತ್ರಿಕೆಗಳು, ಓಟದಲ್ಲಿ ಮೂರನೆಯದಾಗಿ ಬಂದದ್ದಕ್ಕೆ ಕೊಟ್ಟ ಸೋಪಿನ ಡಬ್ಬಿ, ಚಕ್ರ ಕಳಚಿದ ನಡೆಗಾಡಿ, ಕಿವಿ ಚುಚ್ಚಿಸಿದ ದಿನದ ದಾರ. ಕಾಗದವನ್ನು ತೂಕಕ್ಕೆ ಹಾಕುವುದು ಸರಸ್ವತಿಯನ್ನು ತಕ್ಕಡಿಗೆ ಹಾಕಿದಂತೆ ಎಂದು ನಾನು ನಂಬಿದ್ದೆ. ಕಡಲೆಕಾಯಿ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದಿ ಮಡಿಸಿಡುವವರ ಮನೆಯಿಂದ ಬಂದವಳು ನಾನು.

ಈ ಸಲ ಗಟ್ಟಿ ಮನಸ್ಸು ಮಾಡಿದೆ. ಸೆರಗು ಸಿಕ್ಕಿಸಿ ಕೂತೆ. ಮಗಳಿಗೆ ಫೋನು ಮಾಡಿ, ನಿನ್ನ ಉತ್ತರಪತ್ರಿಕೆಗಳನ್ನು ಏನು ಮಾಡಲಿ ಎಂದರೆ, "ಅಮ್ಮಾ, ಎಂಟನೇ ಕ್ಲಾಸಿನ ಸಮಾಜ ವಿಜ್ಞಾನ ಇಟ್ಕೊಂಡು ನಾನೇನು ಮತ್ತೆ ಪಾಸಾಗ್ಬೇಕಾ? ಬಿಸಾಕಮ್ಮ" ಎಂದಳು. ಮಗ ಸೋಂಪುರದ ಕಾರ್ಖಾನೆಯಲ್ಲಿ ಎಂಜಿನಿಯರು; ಅವನು ಇನ್ನೂ ಚುಟುಕು: "ಎಲ್ಲಾ ಹಾಕ್ಬುಡು." ನೋಡಿ, ಮಕ್ಕಳು ತಮ್ಮ ಬಾಲ್ಯವನ್ನು ಎಂದೋ ಬಿಟ್ಟು ಹೋಗಿದ್ದರು. ಬಿಡದೆ ಹಿಡಿದು ಕೂತವಳು ನಾನೊಬ್ಬಳೇ. ಹಳೇ ಪೇಪರಿನವನ ಗಾಡಿಗೆ ನನ್ನ ಕೈಯಾರೆ ಹನ್ನೆರಡು ಕಟ್ಟು ಏರಿಸಿದೆ. ಅವನು ತಕ್ಕಡಿ ತೆಗೆದಾಗ, ಬೇಡಪ್ಪ, ಹಾಗೇ ಒಯ್ಯಿ ಎಂದೆ. ಗಾಡಿ ತಿರುವು ದಾಟುವವರೆಗೂ ಗೇಟಿನಲ್ಲಿ ನಿಂತಿದ್ದೆ. ಅಷ್ಟು ಮರ್ಯಾದೆ ಸರಸ್ವತಿಗೆ ಸಲ್ಲಬೇಕು. ಆಮೇಲೆ ಒಳಗೆ ಹೋಗಿ ಕಸ ಗುಡಿಸಿದೆ.

ಮೂರನೆಯ ದಿನ ಕಬ್ಬಿಣದ ಟ್ರಂಕು ತೆರೆದೆ. ಕೈ ನಿಂತದ್ದು ಅಲ್ಲಿ.

ಅದರೊಳಗೆ ನುಸಿಗುಳಿಗೆಗಳ ನಡುವೆ ನನ್ನ ಮಗನ ಮೊದಲ ಅಂಗಿ ಇತ್ತು. ಗುಂಡಿಯಿಲ್ಲದ, ಬೆನ್ನಿನಲ್ಲಿ ಲಾಡಿ ಕಟ್ಟುವ, ಅಂಗೈಯಗಲದ ಅಂಗಿ. ಹುಟ್ಟಿದ ಕೂಸಿಗೆ ನಮ್ಮಲ್ಲಿ ಹೊಸಬಟ್ಟೆ ಹಾಕುವುದಿಲ್ಲ. ತೊಟ್ಟು ಬಳಸಿ ಮೆತ್ತಗಾದ ಹಳೆಯದನ್ನೇ ಹಾಕುತ್ತಾರೆ. ನನ್ನ ಬಾಣಂತನಕ್ಕೆ ನಮ್ಮವ್ವ ಅಪ್ಪನ ಹಳೆಯ ಪಂಚೆ ಕತ್ತರಿಸಿ, ಕೈಹೊಲಿಗೆಯಲ್ಲೇ ಅದನ್ನು ಹೊಲಿದಿದ್ದಳು. ಅಷ್ಟರಲ್ಲಿ ಅಪ್ಪ ತೀರಿಕೊಂಡು ವರ್ಷವಾಗಿತ್ತು.

ಈ ಅಂಗಿಯ ವಿಷಯ ನಾನು ಅಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ನನಗಿಂತ ಮೂರು ವರ್ಷ ದೊಡ್ಡವಳು ಗೌರಕ್ಕ. ಏಳನೆಯ ತರಗತಿಗೆ ಅವಳನ್ನು ಶಾಲೆ ಬಿಡಿಸಿದರು, ಹಸುಗಳನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತು. ಅವಳು ಹುಲ್ಲು ಹೊತ್ತದ್ದರಿಂದ ನಾನು ಪುಸ್ತಕ ಹೊತ್ತೆ. ಇದರಲ್ಲಿ ಅಲಂಕಾರವೇನೂ ಇಲ್ಲ, ನಡೆದದ್ದೇ ಅಷ್ಟು. ನಂದಗುಡಿಯ ಕಡೆ ಬೇಸಾಯದ ಮನೆಗೆ ಅವಳನ್ನು ಕೊಟ್ಟರು. ಎರಡು ಹೆತ್ತು ಎರಡನ್ನೂ ತಿಂಗಳು ತುಂಬುವ ಮೊದಲೇ ಮಣ್ಣಿಗೆ ಕೊಟ್ಟಳು. ಮೂರನೆಯದು ಹೊಟ್ಟೆಯಲ್ಲಿದ್ದಾಗ, ಎಂಟನೆಯ ತಿಂಗಳಲ್ಲಿ, ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ನನ್ನ ಮಗ ಚೇತುವಿಗೆ ಆಗ ಎರಡು ತುಂಬಿತ್ತು, ಗುಂಡುಕಲ್ಲಿನಂತೆ ಓಡಾಡುತ್ತಿದ್ದ. ಚೆನ್ನಾಗಿ ಬದುಕಿ ಬೆಳೆದ ಮಗುವಿನ ಹಳೆಯ ಅಂಗಿಯನ್ನು ಕೇಳಿ ತಂದು ಹೊಸ ಕೂಸಿಗೆ ತೊಡಿಸಿದರೆ ಅದರ ಆಯಸ್ಸು ಇದಕ್ಕೂ ಬರುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಕೇಳಿ ತರಬೇಕು, ಅದೇ ಮುಖ್ಯ. ಅಕ್ಕ ಕೇಳಿದಳು.

"ಸರೋಜ, ಚೇತೂದು ಮೊದಲ್ನೇ ಅಂಗಿ ಕೊಡೇ. ಅಪ್ಪನ ಪಂಚೇದು."

ನಾನೇನು ಮಾಡಿದೆ ಗೊತ್ತೇ? ಅರ್ಧ ಇಂಗ್ಲೀಷಿನಲ್ಲಿ ಭಾಷಣ ಮಾಡಿದೆ. ಇದೆಲ್ಲ ಮೂಢನಂಬಿಕೆ, ಮಗು ಉಳಿಯುವುದು ಲಸಿಕೆಯಿಂದ, ಆಸ್ಪತ್ರೆಯಿಂದ, ಹಳೇ ಬಟ್ಟೆಯಿಂದಲ್ಲ ಎಂದೆ. ಮುಂದಿನ ವಾರವೇ ಬೆಂಗಳೂರಿಗೆ ಹೋಗಿ, ಕುಲಾವಿ ಕಾಲುಚೀಲ ಸಮೇತ ಪೆಟ್ಟಿಗೆಯಲ್ಲಿ ಬರುವ ಹೊಸ ಜೊತೆಯೊಂದನ್ನು ತಂದು ಅವಳ ಮನೆಗೇ ಮುಟ್ಟಿಸಿದೆ. ಹೇಳಿದ್ದರಲ್ಲಿ ವಿಜ್ಞಾನ ಸರಿಯಾಗಿತ್ತು, ಹೇಳಿದವಳು ಸರಿಯಿರಲಿಲ್ಲ. ನಿಜವೆಂದರೆ ಆ ಅಂಗಿಯನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ನನ್ನ ಮಗನ ಮೊದಲ ಅಂಗಿ, ನನ್ನ ಟ್ರಂಕಿನಲ್ಲಿ, ನನ್ನದಾಗಿಯೇ ಇರಬೇಕಿತ್ತು. ಪಂಚೆ ಅವಳ ಅಪ್ಪನದೂ ಹೌದು ಎಂಬುದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಹೊಳೆಯಿತು, ಒತ್ತಿಹಾಕಿದೆ. ಆಸೆಬುರುಕತನಕ್ಕೆ ಬಿ.ಎಸ್ಸಿ.ಯ ಗೌನು ತೊಡಿಸಿದೆ.

ಅಕ್ಕ ಜಗಳವಾಡಲಿಲ್ಲ. ಅವಳ ಎದುರು ಮನೆಯ ಜೈತುನ್‌ಬಿ, ಏಳು ಮಕ್ಕಳನ್ನು ಹೆತ್ತು ಏಳನ್ನೂ ಉಳಿಸಿಕೊಂಡ ಮಹಾತಾಯಿ, ತನ್ನ ಕೊನೆಯ ಮಗನ ಅಂಗಿ ಕೊಟ್ಟಳಂತೆ. ಹುಟ್ಟಿದ್ದು ಹೆಣ್ಣು, ಶಿಲ್ಪ. ಆಸ್ಪತ್ರೆಯಲ್ಲಿ ಹುಟ್ಟಿತು, ಲಸಿಕೆ ಹಾಕಿಸಿದರು, ಬದುಕಿತು. ಅಕ್ಕ ಹಬ್ಬಗಳಿಗೆ ಬಂದಳು, ಹೋದಳು, ನಕ್ಕಳು. ಒಂದನ್ನು ಮಾತ್ರ ನಿಲ್ಲಿಸಿದಳು: ನನ್ನನ್ನು ಏನನ್ನೂ ಕೇಳಲಿಲ್ಲ. ಹೆಪ್ಪಿಗೆ ಒಂದು ಚಮಚ ಮೊಸರನ್ನೂ ಕೇಳಲಿಲ್ಲ, ಮದುವೆಗೆ ಹೋಗಲು ಒಂದು ಸರವನ್ನೂ ಕೇಳಲಿಲ್ಲ. ಊರಿನ ಕಡೆ ಬಾಳಿದವರಿಗೆ ಇದರ ಅರ್ಥ ಗೊತ್ತು. ನಮ್ಮಲ್ಲಿ ಕೇಳುವುದು ಬಡತನವಲ್ಲ, ಬಳಕೆ. ಬೇಲಿಯ ಮೇಲಿಂದ ಬಟ್ಟಲು ಚಾಚುವವರೆಗೂ ಎರಡು ಮನೆ ಒಂದೇ. ಬಟ್ಟಲು ಚಾಚುವುದು ನಿಂತ ದಿನ, ಮಾತು ಎಷ್ಟೇ ಸಿಹಿಯಾಗಿರಲಿ, ನೀವು ನೆಂಟರು. ಇಪ್ಪತ್ತಾರು ವರ್ಷ ನಾನು ನನ್ನ ಒಡಹುಟ್ಟಿದವಳಿಗೆ ನೆಂಟಳಾಗಿದ್ದೆ. ಎತ್ತಿಟ್ಟುಕೊಂಡ ವಸ್ತುವಿನ ಬೆಲೆ ಅಷ್ಟು.

ಈಗ ಅದೇ ಶಿಲ್ಪ ಹೆತ್ತಿದ್ದಳು, ತವರಿನಲ್ಲಿ ಬಾಣಂತನ, ಕೂಸಿಗೆ ನಾಲ್ಕು ದಿನ. ಅಂಗಿಯನ್ನು ಕೈಯಲ್ಲಿ ಹಿಡಿದು ಯೋಚಿಸಿದೆ. ಒಯ್ದರೆ ಅಕ್ಕ ಮುಖಕ್ಕೆ ಎಸೆಯಬಹುದು. ಅದಕ್ಕಿಂತ ಕೆಟ್ಟದ್ದು, "ಯಾಕೆ ಇದೆಲ್ಲ, ನಮ್ಮನೇಲೈತೆ" ಎಂದು ನೆಂಟರಿಗೆ ಹೇಳುವಂತೆ ಹೇಳಬಹುದು. ಒಯ್ಯದಿದ್ದರೆ ಕೋಣೆ ಖಾಲಿಯಾಗುತ್ತದೆ, ನಾನು ಖಾಲಿಯಾಗುವುದಿಲ್ಲ. ಬಿಸಿನೀರಿನಲ್ಲಿ ಎರಡು ಸಲ, ಉಜ್ಜದೆ, ಅದ್ದಿ ತೆಗೆದು, ಬಿಸಿಲಿಗೆ ಹಾಕಿ, ಒಣಗಿದ ಕೂಡಲೇ ಸ್ಕೂಟರ್ ಹತ್ತಿದೆ.

ಅಕ್ಕನ ಮನೆಯ ನಡುಮನೆಯಲ್ಲಿ ಸಾಂಬ್ರಾಣಿಯ ಹೊಗೆ. ಶಿಲ್ಪ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದಳು. ಅಕ್ಕ ಕಾಲು ಚಾಚಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ನಾನು ಪೀಠಿಕೆ ಹಾಕಲಿಲ್ಲ. ಅಂಗಿಯನ್ನು ಅವಳ ಪಕ್ಕದಲ್ಲಿಟ್ಟೆ.

"ಅಕ್ಕ, ಅವತ್ತು ಮೂಢನಂಬಿಕೆ ಅಂದೆನಲ್ಲ, ಸುಳ್ಳು. ನಂಗೆ ಕೊಡಕ್ಕೆ ಮನ್ಸಿರ್ಲಿಲ್ಲ."

ಅಕ್ಕ ತಲೆಯೆತ್ತಲಿಲ್ಲ. "ಗೊತ್ತಿತ್ತು ಕಣೇ. ನೀನು ಇಂಗ್ಲೀಷ್ನಾಗೆ ಮಾತಾಡಕ್ಕೆ ಸುರು ಮಾಡಿದ್ರೆ ಏನೋ ಬಚ್ಚಿಡ್ತಾ ಇದ್ದೀಯ ಅಂತ್ಲೇ ಅರ್ಥ. ಚಿಕ್ಕೋಳಿದ್ದಾಗ್ಲಿಂದ ನೋಡಿಲ್ವಾ."

ಶಿಲ್ಪ ಹೊದಿಕೆಯೊಳಗೆ ಕಿಸಕ್ಕೆಂದಳು. ಅಕ್ಕ ಅಂಗಿ ಎತ್ತಿಕೊಂಡು ಮೂಗಿಗೆ ಹಿಡಿದಳು, ಮುಖ ಸಿಂಡರಿಸಿದಳು. ಹೆಬ್ಬೆರಳಿನಿಂದ ಹೊಲಿಗೆಯ ಮೇಲೆ ಒತ್ತಿದಳು. ದಾರ ಪುಡಿಯಾಗಿ ತೋಳು ಬಿಟ್ಟುಕೊಂಡಿತು.

"ನೋಡು, ಇಟ್ಟೂ ಇಟ್ಟೂ ಸಾಯ್ಸಿದ್ದೀಯ. ಹತ್ತು ಮಕ್ಳು ತೊಟ್ಟಿದ್ರೂ ಇಷ್ಟು ಸವೀತಿರ್ಲಿಲ್ಲ. ಇದು ಕೂಸಿಗೆ ಹಾಕಕ್ಕಾಗಲ್ಲ."

ಎದ್ದು ಹೊರಡುವುದೋ ಕೂತಿರುವುದೋ ತಿಳಿಯಲಿಲ್ಲ. ಕೂತೇ ಇದ್ದೆ. ಈ ಸಲ ಭಾಷಣಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ.

ಅಕ್ಕ ಬಟ್ಟೆಯನ್ನು ಕೂಸಿನ ಕೆನ್ನೆಗೆ ಸವರಿ ನೋಡಿದಳು. "ಆದ್ರೂ ಅಪ್ಪನ ಪಂಚೆ ಮೆತ್ತಗೈತೆ. ಬಾಯಿ ಒರ್ಸಕ್ಕೆ ಬತ್ತದೆ" ಎಂದವಳೇ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದಳು. ತಡೆಯಲು ನನ್ನ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ನೋಡಿದಳು. ಬೆನ್ನಿನ ಭಾಗವನ್ನು ನನ್ನ ಕೈಗೆ ಕೊಟ್ಟಳು.

"ತಗೋ, ಇದು ನೀನೇ ಹರಿ. ಚೌಕ್ವಾಗಿ ಹರಿ, ಮೂಲೆ ಬಿಡ್ಬ್ಯಾಡ."

ಹರಿದೆ. ಮೊದಲ ಎಳೆ ಬಿಡುವವರೆಗೆ ಕಷ್ಟ, ಆಮೇಲೆ ಬಟ್ಟೆ ತಾನೇ ದಾರಿ ಮಾಡಿಕೊಂಡು ಹೋಯಿತು. ನಾಲ್ಕು ಚೌಕಗಳಾದವು. ಒಂದರಿಂದ ಅಕ್ಕ ಕೂಸಿನ ಬಾಯಿಯ ಜೊಲ್ಲು ಒರೆಸಿದಳು. ಇಪ್ಪತ್ತೆಂಟು ವರ್ಷ ನಾನು ಯಾರಿಗೂ ಮುಟ್ಟಲು ಬಿಡದ ಬಟ್ಟೆ ಒಂದು ಗಳಿಗೆಯಲ್ಲಿ ಒದ್ದೆಯಾಯಿತು, ಹಾಲಿನ ವಾಸನೆ ಹಿಡಿಯಿತು, ಮಡಿಸಿ ಪಕ್ಕಕ್ಕೆ ಬಿತ್ತು. ನೋಡುತ್ತ ನನಗೆ ದುಃಖವಾಗಲಿಲ್ಲ. ಕಾಯಲು ಏನೂ ಇಲ್ಲದವಳಿಗೆ ಕೈ ಎಷ್ಟು ಹಗುರವೆಂದು ಮೊದಲ ಸಲ ತಿಳಿಯಿತು.

ಕೂಸು ಅಳತೊಡಗಿತು. ಇನ್ನೂ ಸರಿಯಾಗಿ ಮೊಲೆ ಹಿಡಿಯುತ್ತಿರಲಿಲ್ಲವಂತೆ. ಶಿಲ್ಪ ಹಾಲು ಹಿಂಡಿ ಕೊಟ್ಟರೆ ಅಕ್ಕ ಚಮಚದಲ್ಲಿ ಕುಡಿಸುತ್ತಿದ್ದಳು, ಅರ್ಧ ಕತ್ತಿಗೆ ಸೋರುತ್ತಿತ್ತು. ಎರಡು ಸಲ ಸೋರಿತು. ಮೂರನೆಯ ಸಲ ಅಕ್ಕ ಚಮಚವನ್ನು ತಟ್ಟೆಗೆ ಹಾಕಿ, ಗೋಡೆ ನೋಡುತ್ತ, ಏನೂ ವಿಶೇಷವಿಲ್ಲವೆಂಬಂತೆ ಕೇಳಿದಳು:

"ಕೂಸಿಗೆ ಹಾಲು ಹುಯ್ಯೋದು, ಅವ್ವನ ಹಿತ್ತಾಳೆ ಒಳಲೆ, ನಿನ್ ತಾವ್ಲೇ ಐತಲ್ಲ?"

"ಐತೆ."

"ನಾಳೆ ತಂದ್ಕೊಡು. ವಾಪಸ್ ಕೊಡಲ್ಲ ಮತ್ತೆ, ಈಗ್ಲೇ ಹೇಳಿದ್ದೀನಿ."

"ಕೊಡ್ಬ್ಯಾಡ."

ನಾಳೆಯವರೆಗೆ ನಾನು ಕಾಯಲಿಲ್ಲ. ಸೂಲಿಬೆಲೆಗೆ ಹೋಗಿ, ಒಳಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಹೊತ್ತು ಮುಳುಗುವ ಮೊದಲೇ ಅಕ್ಕನ ಕೈಗೆ ಇಟ್ಟೆ.