ಖಾರದ ಗಿರಣಿಯ ಲಾಳಿಕೆ

ಮಗಳು ಫೋನಿನಲ್ಲಿ ಆ ಮಾತು ಹೇಳಿದಾಗ ನಾನು ಬಾಗಿಲ ಚೌಕಟ್ಟಿನ ಅಳತೆ ತೆಗೆಯುತ್ತಿದ್ದೆ. ಕಿವಿಯ ಮೇಲೆ ಪೆನ್ಸಿಲು, ಭುಜಕ್ಕೂ ಕೆನ್ನೆಗೂ ನಡುವೆ ಫೋನು.

"ಅಪ್ಪಾ, ಕುಬಸಾ ಮಾಡ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ಹಡಿಯಾಕ ನಾ ಅಲ್ಲಿಗೆ ಬರೂದಿಲ್ಲ. ದೇವಿಕೊಪ್ಪದಾಗ, ಅತ್ತಿ ಮನ್ಯಾಗ ಇರತೀನಿ."

"ಯಾಕ? ನಿಮ್ಮತ್ತಿ ಏನರ ಅಂದ್ಲೇನು?"

"ಯಾರೂ ಏನೂ ಅಂದಿಲ್ಲಪ್ಪಾ. ಅಲ್ಲೆ ಧೂಳ ಭಾಳ. ನನಗ ದಮ್ಮ ಹತ್ತತೈತಿ. ಅವ್ವಗ ಫೋನ್ ಕೊಡು."

ಕೊಟ್ಟೆ. ತಾಯಿ ಮಗಳು ಅರ್ಧ ಗಂಟೆ ಪಿಸುಪಿಸು ಮಾತಾಡಿದರು. ಅಷ್ಟರಲ್ಲಿ ನಾನು ಅದೇ ಚೌಕಟ್ಟನ್ನು ಮೂರು ಸಲ ಅಳೆದೆ, ಮೂರು ಸಲವೂ ಬೇರೆ ಬೇರೆ ಲೆಕ್ಕ ಬಂತು.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ. ಏಳನೇ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಬಸುರಿ ಮಗಳನ್ನು ಕರೆದುಕೊಂಡು ಬರುತ್ತೇವೆ. ಬರದಿದ್ದರೆ ಊರು ಸುಮ್ಮನಿರುವುದಿಲ್ಲ, ತವರಿನವರಿಗೆ ಮಗಳು ಭಾರವಾದಳು ಎನ್ನುತ್ತದೆ. ಊರಿನ ಬಾಯಿಗೆ ನಾನು ಎಂದೂ ಅಂಜಿದವನಲ್ಲ. ನನಗೆ ಚುಚ್ಚಿದ್ದು ಬೇರೆ. ಇದ್ದೊಬ್ಬ ಮಗಳು ನನ್ನ ಮನೆಯ ಗಾಳಿಗೆ ಹೆದರಿದ್ದಳು.

ಶಲವಡಿಯ ನಮ್ಮ ಮನೆಯ ಪಡಸಾಲೆಯೇ ನನ್ನ ಬಡಿಗತನದ ಜಾಗ. ನಮ್ಮಪ್ಪನ ಕಾಲದಲ್ಲಿ ಬಾಚಿ, ಉಳಿ, ಕೈಗರಗಸ. ಕಟ್ಟಿಗೆಯ ಸಿಪ್ಪೆ ಕಾಲ ಬುಡದಲ್ಲಿ ಬಿದ್ದು ಅಲ್ಲೇ ಇರುತ್ತಿತ್ತು, ಸಂಜೆ ಅವ್ವ ಗೋರಿಕೊಂಡು ಒಲೆಗೆ ಹಾಕುತ್ತಿದ್ದಳು. ನಾನು ಕರೆಂಟಿನ ಗರಗಸ ತಂದೆ, ಉಜ್ಜುವ ಮಷೀನು ತಂದೆ. ಪ್ಲೈವುಡ್ಡು ಬಂದ ಮೇಲಂತೂ ದೂಳು ಮೈದಾಹಿಟ್ಟಿನಷ್ಟು ನುಣ್ಣಗಾಯಿತು. ಅಡಿಗೆಮನೆಯ ರೊಟ್ಟಿ ಬುಟ್ಟಿಗೆ ನನ್ನಾಕೆ ಎರಡೆರಡು ಬಟ್ಟೆ ಮುಚ್ಚುತ್ತಿದ್ದಳು. "ನಿಮ್ಮ ಕಟ್ಟಿಗಿ ಹಿಟ್ಟ ತಿಂದ ತಿಂದ ನನ್ನ ಹೊಟ್ಟ್ಯಾಗ ಇಷ್ಟೊತ್ತಿಗೆ ಒಂದ ಬಾಗಲಾ ಆಗಿರಬೇಕ ನೋಡ್ರಿ" ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಮಗಳು ಸಣ್ಣವಳಿದ್ದಾಗ ರಾತ್ರಿಯೆಲ್ಲ ಎದೆ ಸುಂಯ್‌ಗುಟ್ಟಿಸುತ್ತ ಮಲಗುತ್ತಿದ್ದಾಗ ಮಾತ್ರ ನಗುತ್ತಿರಲಿಲ್ಲ. ಆದರೆ ಬೆಳಗಾದರೆ ಮತ್ತೆ ಗರಗಸ ಚಾಲೂ ಮಾಡುತ್ತಿದ್ದೆ.

ಆ ದಿನ ಹೆಂಡತಿಯ ಮೇಲೆ ಹರಿಹಾಯ್ದೆ. "ಮೂವತ್ತ ವರ್ಷಾತು, ಇದೇ ಧೂಳಾಗ ಅದೀನಿ. ನನಗೇನಾಗೇತಿ? ಕಲ್ಲ ಆಗೇನಿ, ಕಲ್ಲ!"

"ಅದನ್ನ ನಾನೂ ಹೇಳತೀನಿ" ಅಂದಳು ಆಕೆ, ಕಸಬರಿಗೆ ಹಿಡಿದುಕೊಂಡು.

ನಾನು ಒಂದು ಕಡೆ ಕೂಡುವ ಆಸಾಮಿಯಲ್ಲ. ಸಿಟ್ಟು ಬಂದರಂತೂ ಮೈಮೇಲೆ ಇರುವೆ ಬಿಟ್ಟ ಹಾಗೆ. ಮೊಬೈಲಿನಲ್ಲಿ ದೂಳು ಹೀರುವ ಯಂತ್ರದ ವಿಡಿಯೊ ಸಿಕ್ಕಿತು. ಗರಗಸದ ಬುಡಕ್ಕೆ ಒಂದು ಪೈಪು, ಆ ಪೈಪು ಒಂದು ದೊಡ್ಡ ತಗಡಿನ ಲಾಳಿಕೆಗೆ. ಅದರೊಳಗೆ ಗಾಳಿ ಸುತ್ತು ಹೊಡೆಯುತ್ತದೆ, ದಪ್ಪ ದೂಳು ಕೆಳಗಿನ ಡ್ರಮ್ಮಿಗೆ ಬೀಳುತ್ತದೆ, ಉಳಿದ ಗಾಳಿಯನ್ನು ಬ್ಲೋವರ್ ಎಳೆದು ಬಟ್ಟೆಯ ಚೀಲದಲ್ಲಿ ಸೋಸಿ ಬಿಡುತ್ತದೆ. ನಾಲ್ಕು ಸಲ ನೋಡಿದೆ. ಸಿದ್ಧ ಯಂತ್ರ ನನ್ನ ಕೈಗೆ ಎಟುಕುವಂಥದ್ದಲ್ಲ. ಬಾಗಿಲು ಮಾಡುವವನಿಗೆ ಇದೇನು ಮಹಾ ಅನ್ನಿಸಿತು. ಕುಬಸಕ್ಕೆ ಇಪ್ಪತ್ತು ದಿನವಿತ್ತು. ಮಗಳಿಗೆ ಫೋನ್ ಹಚ್ಚಿದೆ.

"ಕುಬಸದ ಹಿಂದಿನ ಐತವಾರ ಬಂದು ನೋಡಿ ಹೋಗು. ಧೂಳ ಕಂಡ್ರ ಬರಬ್ಯಾಡ. ಕಾಣಲಿಲ್ಲಂದ್ರ ಬರಬೇಕ ಮತ್ತ."

ಅತ್ತ ಕಡೆ ಮಗಳು ಏನೋ ಹೇಳಲು ಹೊರಟು ನುಂಗಿದ ಹಾಗಿತ್ತು. ಆಮೇಲೆ "ಆತಪ್ಪಾ" ಎಂದಳು.

ಮರುದಿನದಿಂದ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ. ನವಲಗುಂದದಲ್ಲಿ ಪೈಪಿನ ಅಂಗಡಿಗೆ ಹೋದರೆ ಅವನ ಮೊದಲ ಪ್ರಶ್ನೆ, "ಎಷ್ಟ ಎಕರೆಕ್ಕರಿ?"

"ಎಕರೆಕ್ಕಲ್ರಿ, ಪಡಸಾಲಿಗೆ."

"ಪಡಸಾಲ್ಯಾಗ ಬೋರ್ ಹೊಡಸೀರೇನ್ರಿ?"

ದೂಳು ಎಳೆಯುವುದಕ್ಕೆ ಎಂದೆ. ಅಂಗಡಿಯಲ್ಲಿದ್ದ ಮೂವರು ರೈತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನೀರ ಎಳೆಯೂದ ಕಷ್ಟ ಆಗೇತಿ, ಇವರು ಧೂಳ ಎಳಿಯಾಕ ಹೊಂಟಾರ" ಎಂದ ಒಬ್ಬ. ನನಗೆ ಸಿಟ್ಟು ಬಂದರೂ ನಾಲ್ಕಿಂಚಿನ ಪೈಪು, ಎರಡು ಮೊಣಕೈ ಆಕಾರದ ಜೋಡಣೆ ಸಿಕ್ಕವು. ಬಗ್ಗುವ ಪೈಪು ಬೇಕಿತ್ತು, ಅಲ್ಲಿರಲಿಲ್ಲ. ಅಣ್ಣಿಗೇರಿಯಲ್ಲಿ ನೋಡಿದರೆ ಮೂರಿಂಚಿನದು, ಮತ್ತೊಂದು ಅಂಗಡಿಯಲ್ಲಿ ಐದಿಂಚಿನದು. ನನ್ನ ಗ್ರಹಚಾರಕ್ಕೆ ನಾಲ್ಕಿಂಚಿನದನ್ನು ಯಾರೂ ಮಾಡಿಯೇ ಇಲ್ಲವೇನೋ ಎಂದು ನಡುಬೀದಿಯಲ್ಲಿ ನಿಂತು ಬೈದುಕೊಂಡೆ. ಕಡೆಗೆ ಮೂರಿಂಚಿನದನ್ನೇ ತಂದು, ಬಿಸಿನೀರಲ್ಲಿ ಅದ್ದಿ ಬಾಯಿ ಹಿಗ್ಗಿಸಿದೆ. ಜೋಳ ತುಂಬಿದ್ದ ನೀಲಿ ಡ್ರಮ್ಮನ್ನು ನನ್ನಾಕೆ ಗೊಣಗುತ್ತ ಖಾಲಿ ಮಾಡಿಕೊಟ್ಟಳು. ದಪ್ಪ ಕೋರಾ ಬಟ್ಟೆ ತಂದು ಚೀಲವನ್ನೂ ಹೊಲಿದಳು. ಹೊಲಿಯುವಾಗ ಒಮ್ಮೆ ತಲೆ ಎತ್ತಿ ಕೇಳಿದಳು, "ಮಗಳ ಸಲುವಾಗಿ ಮಾಡಾಕತ್ತೀರೋ, ಗೆಲ್ಲೂದರ ಸಲುವಾಗಿ ಮಾಡಾಕತ್ತೀರೋ?"

ನಾನು ಕೇಳಿಸಿಕೊಳ್ಳದವನ ಹಾಗೆ ಹೊರಗೆ ಹೋದೆ.

ಉಳಿದದ್ದು ಬ್ಲೋವರ್ ಮತ್ತು ಲಾಳಿಕೆ. ಹುಬ್ಬಳ್ಳಿಯ ಗುಜರಿ ಸಾಲಿನಲ್ಲಿ ಎರಡು ದಿನ ತಿರುಗಿದೆ. ಸಿಕ್ಕ ಬ್ಲೋವರುಗಳೆಲ್ಲ ಕಮ್ಮಾರನ ಕುಲುಮೆಗೆ ಊದುವಂಥವು, ಸಣ್ಣವು. ಐತವಾರಕ್ಕೆ ನಾಲ್ಕು ದಿನವಿರುವಾಗ ಒಬ್ಬ ಗುಜರಿಯವನು ಹೇಳಿದ, ಕುಂದಗೋಳದಲ್ಲಿ ಒಂದು ಖಾರದ ಗಿರಣಿ ಮುಚ್ಚುತ್ತಿದ್ದಾರೆ, ಅಲ್ಲಿ ಎರಡೂ ಇವೆ ಎಂದು. ಅಲ್ಲಿಂದಲೇ ಬಸ್ಸು ಹತ್ತಿದೆ.

ಗಿರಣಿಯ ಮಾಲೀಕರು ಬಿಳಿ ಗಡ್ಡದ ಮುದುಕರು, ಊರಿಗೆಲ್ಲ ಚಾಚಾ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಒಣಮೆಣಸಿನಕಾಯಿ ಪುಡಿ ಮಾಡುವ ಮಷೀನಿಗೆ ಜೋಡಿಸಿದ್ದ ಬ್ಲೋವರ್, ಆಳೆತ್ತರದ ತಗಡಿನ ಲಾಳಿಕೆ. ವಿಡಿಯೊದಲ್ಲಿ ನೋಡಿದ್ದಕ್ಕಿಂತ ಚೆಂದವಿತ್ತು. ನನಗೆ ಅಲ್ಲೇ ಕುಣಿಯುವಷ್ಟು ಖುಷಿಯಾಯಿತು.

"ತೊಳದೀನ್ರಿ" ಎಂದರು ಚಾಚಾ. "ಆದ್ರೂ ಒಂದ ಮಾತ ಹೇಳತೀನಿ. ಖಾರಾ ಬೀಸಿದ ಮಷೀನ್ ಐತಿ. ಹೊಲದಾಗ ಒಯ್ದು, ಜ್ವಾಳದ ಹೊಟ್ಟ ಹಾಕಿ ಎರಡ ದಿವಸ ಓಡಸ್ರಿ. ನಾವು ಖಾರ ಆದ ಮ್ಯಾಲ ಅರಿಷಿಣ ಹಾಕೂಮುಂದ ಹಂಗಽ ಮಾಡತೀವಿ. ಆಮ್ಯಾಲ ಮನಿಗೆ ಒಯ್ರಿ."

ಎರಡು ದಿನ! ಇದ್ದ ನಾಲ್ಕು ದಿನ ಜೋಡಿಸುವುದಕ್ಕೇ ಸಾಲದು, ನನ್ನ ಹತ್ತಿರ ಎಲ್ಲಿತ್ತು? ಲಾಳಿಕೆಯೊಳಗೆ ತಲೆ ಹಾಕಿ ಜೋರಾಗಿ ಉಸಿರೆಳೆದುಕೊಂಡೆ. ಏನೂ ಇಲ್ಲ.

"ಖಾರದ ವಾಸನೀನ ಇಲ್ಲಲ್ರಿ ಚಾಚಾ."

"ನನಗ ಕೇಳಬ್ಯಾಡ್ರಿ. ನಲವತ್ತ ವರ್ಷ ಖಾರಾ ಕುಡದ ಮೂಗಿದು, ಸತ್ತ ಹೋಗೇತಿ."

"ನನ್ನ ಮೂಗ ಐತಲ್ರಿ" ಎಂದು ನಕ್ಕೆ.

ಸಾಮಾನು ಹೇರಿಕೊಂಡ ಟಂಟಂ ಗಾಡಿಯ ಡ್ರೈವರ್ ಕುಂದಗೋಳದಿಂದ ಶಲವಡಿಯತನಕ ಸೀನುತ್ತಲೇ ಬಂದ. ನೆಗಡಿಗೆ ಅರಿಷಿಣದ ಹಾಲು ಕುಡಿ ಎಂದು ಅವನಿಗೆ ಬುದ್ಧಿ ಹೇಳಿದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುವುದು ಸುಳ್ಳಲ್ಲ.

ಐತವಾರ ಬೆಳಿಗ್ಗೆ ಕಡೆಯ ನಟ್ಟು ಬಿಗಿಯುವುದಕ್ಕೂ ಅಳಿಯ ಯಾರದೋ ಕಾರಿನಲ್ಲಿ ಮಗಳನ್ನು ಕರೆತರುವುದಕ್ಕೂ ಸರಿಹೋಯಿತು. ಒಮ್ಮೆಯೂ ಓಡಿಸಿ ನೋಡಿರಲಿಲ್ಲ. ಮಗಳು ಸೆರಗು ಮೂಗಿಗೆ ಹಿಡಿದೇ ಒಳಗೆ ಬಂದಳು. "ಕೂಡು, ಕೂಡು, ಮೂಗ ಬಿಡು, ಇನ್ನ ಮ್ಯಾಲ ಸೆರಗ ಬೇಕಾಗಿಲ್ಲ" ಎಂದು ಅವಳನ್ನು ಪಡಸಾಲೆಯ ಮಂಚದ ಮೇಲೆ ಕೂಡಿಸಿದೆ. ಹೇಳಿದ್ದಕ್ಕೆ ಸೆರಗು ಇಳಿಸಿದಳು. ಸ್ವಿಚ್ ಒತ್ತಿದೆ.

ಬ್ಲೋವರ್ ಗುಂಯ್ ಎಂದಿತು. ಚೀಲ ಉಬ್ಬಿತು. ನನ್ನ ಎದೆಯೂ ಉಬ್ಬಿತು. ಬಿಳಿ ಕೋರಾ ಬಟ್ಟೆ ನೋಡನೋಡುತ್ತ ಕೆಂಪಾಯಿತು.

ಮೊದಲು ಅಳಿಯ ಸೀನಿದ. ಆಮೇಲೆ ನನ್ನಾಕೆ ಕೆಮ್ಮುತ್ತ ಅಡಿಗೆಮನೆಯಿಂದ ಓಡಿಬಂದಳು. ಹಿತ್ತಲಲ್ಲಿ ಎಮ್ಮೆ ಬುಸುಗುಟ್ಟಿತು. ನಾನು ನಡುವೆ ನಿಂತು "ಏನಾತು? ಏನಾತಲೇ?" ಎಂದು ಕೇಳುತ್ತಲೇ ಇದ್ದೆ. ಕಣ್ಣು ಉರಿಯುತ್ತಿತ್ತು, ನೀರು ಸುರಿಯುತ್ತಿತ್ತು, ಆದರೆ ಮೂಗಿಗೆ ಏನೂ ಇಲ್ಲ.

"ಖಾರಾ! ಬಂದ್ ಮಾಡ್ರಿ, ಖಾರಾ!" ಎಂದು ನನ್ನಾಕೆ ಕೂಗಿದಳು. ಮಗಳು ಎರಡೂ ಕೈಯಲ್ಲಿ ಮಂಚದ ಅಂಚು ಹಿಡಿದಿದ್ದಳು. ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಆಕೆಯ ತಾಯಿ, ಗಂಡ ಸೇರಿ ಅವಳನ್ನು ಎತ್ತಿಕೊಂಡ ಹಾಗೆಯೇ ಎದುರು ಮನೆಯ ಕಟ್ಟೆಗೆ ಒಯ್ದರು. ಅಳಿಯ ಅವಳ ಕೈಚೀಲ ತಡಕಾಡಿ ದಮ್ಮಿನ ಪಂಪು ತೆಗೆದ. ಒಂದು ಸಲ, ಎರಡು ಸಲ ಎಳೆಸಿದ. ನಾನು ಸ್ವಿಚ್ ಆರಿಸಿ ಬೀದಿಯಲ್ಲಿ ನಿಂತಿದ್ದೆ. ಹತ್ತಿರ ಹೋಗುವ ಧೈರ್ಯವಾಗಲಿಲ್ಲ. ನನ್ನ ಕೈಯಾರೆ ಮಗಳನ್ನು ಕೊಂದೆ ಅಂದುಕೊಂಡೆ. ಅಷ್ಟು ಹೆದರಿಕೆ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಅರ್ಧ ಗಂಟೆಗೆ ಉಸಿರು ಹದಕ್ಕೆ ಬಂತು. ಅಣ್ಣಿಗೇರಿಗೆ ಒಯ್ದು ಡಾಕ್ಟರಿಗೆ ತೋರಿಸಿ, ಹೊಟ್ಟೆಯೊಳಗಿನ ಕೂಸು ಆರಾಮ ಇದೆ ಎಂದು ಕೇಳಿಸಿಕೊಂಡು ತಿರುಗಿ ಬಂದರು. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗಳು ಮತ್ತೆ ಎದುರು ಮನೆಯ ಕಟ್ಟೆಯ ಮೇಲೇ ಕೂತಳು, ನನ್ನನ್ನು ಬಾಜು ಕೂಡಿಸಿಕೊಂಡಳು.

"ಅಪ್ಪಾ, ನಿನಗ ಖಾರಾ ಹತ್ತಲಿಲ್ಲೇನು?"

"ಇಲ್ಲ."

"ಒಂದ ಸೀನಾದ್ರೂ?"

"ಇಲ್ಲವ್ವಾ."

"ಎಷ್ಟ ದಿವಸಾತು ಹಿಂಗಾಗಿ?"

ನನಗೆ ಗೊತ್ತಿರಲಿಲ್ಲ. ಮೊದಲೆಲ್ಲ ಕೊಯ್ದ ಹಲಗೆ ಮೂಸಿ ಸಾಗವಾನಿ ಯಾವುದು, ಬೇವು ಯಾವುದು ಹೇಳುತ್ತಿದ್ದೆ. ಈಗ ಎತ್ತಿ ಹೇಳುತ್ತೇನೆ, ತೂಕದಿಂದ. ಯಾವಾಗ ಬದಲಾಯಿತು? ಹೋದ ವರ್ಷ ಒಲೆಯ ಮೇಲಿನ ಹಾಲು ಸೀದುಹೋಗಿತ್ತು, ಬಾಜುವಿಗೇ ಕೂತಿದ್ದ ನಾನು ಏಳಲಿಲ್ಲ ಎಂದು ನನ್ನಾಕೆ ಜಗಳ ತೆಗೆದಿದ್ದಳು. ಹಾಲು ಕಾಯುವುದು ನನ್ನ ಕೆಲಸವೇನು ಎಂದು ನಾನೂ ಜೋರು ಮಾಡಿದ್ದೆ. ಕಲ್ಲು ಆಗಿದ್ದೇನೆ ಎಂದು ಎದೆ ತಟ್ಟಿಕೊಂಡವನು ನಾನೇ.

"ನಾ ಮಷೀನ್ ಕೇಳಿದ್ದಿಲ್ಲಪ್ಪಾ" ಎಂದಳು ಮಗಳು. "ನಾ ಇರೂತನಕ ಗರಗಸಾ ಬಂದ್ ಮಾಡ್ತಿ ಏನು ಅಂತ ಕೇಳಬೇಕಂದಿದ್ದೆ. ನಿನ್ನ ಸಿಟ್ಟಿಗೆ ಅಂಜಿ ಬರೂದಿಲ್ಲ ಅಂದ್ನಿ."

ಇಷ್ಟು ದಿನ ಊರೂರು ಅಲೆದವನಿಗೆ ಈ ಒಂದು ಉಪಾಯ ಹೊಳೆದೇ ಇರಲಿಲ್ಲ. ನನಗೆ ಅಳು ಬಂತು. ಖಾರದ ನೆವ ಇತ್ತು, ಕಣ್ಣೊರೆಸಿಕೊಂಡೆ.

"ಮಾಡತೀನಿ. ಇವತ್ತಽ ಬಂದ್."

"ಹಂಗಾದ್ರ ಬರತೀನಿ."

ಆ ಮಾತು ಉಳಿಸಿಕೊಳ್ಳುವುದು ಪೈಪು ಹುಡುಕುವುದಕ್ಕಿಂತ ಕಷ್ಟವಾಯಿತು. ಮನೆಯನ್ನು ಮೂರು ಸಲ ತೊಳೆದೆವು, ಗೋಡೆಗೆ ಸುಣ್ಣ ಹೊಡೆದೆವು. ಗರಗಸ, ಬ್ಲೋವರ್, ಲಾಳಿಕೆ ಎಲ್ಲವನ್ನೂ ಅಣ್ಣಿಗೇರಿಯ ಗೆಳೆಯನ ಶೆಡ್ಡಿಗೆ ಸಾಗಿಸಿದೆ. ಅಲ್ಲಿ ಬಯಲಿನಲ್ಲಿಟ್ಟು, ಚಾಚಾ ಹೇಳಿದ ಹಾಗೆಯೇ ಜೋಳದ ಹೊಟ್ಟು ಹಾಕಿ ಎರಡು ದಿನ ಓಡಿಸಿದೆ. ಹೊಟ್ಟು ಮೊದಲು ಕೆಂಪಗೆ ಬಂತು, ಕಡೆಗೆ ಬೆಳ್ಳಗೆ. ಯಂತ್ರ ಅಗದಿ ಚಲೋ ಕೆಲಸ ಮಾಡುತ್ತದೆ. ವಾರದಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿ ಕೆಲಸ ಮಾಡಿ, ಬಟ್ಟೆ ಬದಲಿಸಿ ಮನೆಗೆ ಬರುತ್ತಿದ್ದೆ. ಉಳಿದ ದಿನ ಪಡಸಾಲೆಯಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ಹುಬ್ಬಳ್ಳಿಯ ಮೂಗಿನ ಡಾಕ್ಟರು ದೀಪ ಹಾಕಿ ನೋಡಿ, ತಡವಾಯಿತು, ವಾಸನೆ ತಿರುಗಿ ಬರುವ ಭರವಸೆ ಕೊಡಲಾರೆ ಎಂದರು. ನಮ್ಮಪ್ಪನ ಉಳಿ ಮತ್ತು ಕೈಯಿಂದ ಹೆರೆಯುವ ರಂದಾ ಹೊರಗೆ ತೆಗೆದು ತೊಟ್ಟಿಲಿಗೆ ಕೈ ಹಚ್ಚಿದೆ. ಸಿಪ್ಪೆ ಸುರುಳಿಯಾಗಿ ಕಾಲ ಬುಡದಲ್ಲೇ ಬಿತ್ತು.

ಮೊಮ್ಮಗಳು ಹುಟ್ಟಿದ ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ಅದಕ್ಕೂ ಮುಂಚೆ ನನ್ನಾಕೆ ಕೂಸಿಗೆ ಎಣ್ಣೆ ಹಚ್ಚಿ ಎರೆದು, ಮಗಳಿಗೆ ದಮ್ಮು ಹತ್ತೀತೆಂದು ಲೋಬಾನದ ಹೊಗೆ ಕೊಡದೆ, ಹಾಗೆಯೇ ತಂದು ನನ್ನ ತೊಡೆಯ ಮೇಲೆ ಮಲಗಿಸಿದಳು.

"ನೆತ್ತಿ ಮೂಸಿ ನೋಡ್ರಿ, ಹ್ಯಾಂಗ ಘಮ್ ಅಂತಾಳ!"

ಆಕೆಗೆ ಆ ಗಳಿಗೆಗೆ ನೆನಪಿರಲಿಲ್ಲ. ನಾನು ಬಗ್ಗಿ ಕೂಸಿನ ನೆತ್ತಿಗೆ ಮೂಗು ಹಚ್ಚಿದೆ. ಬೆಚ್ಚಗಿತ್ತು, ಮೆತ್ತಗಿತ್ತು. ಎಷ್ಟು ಎಳೆದುಕೊಂಡರೂ ಬರೀ ಗಾಳಿ.

"ಹೂಂ, ಭಾಳ ಚಲೋ ಐತಿ" ಎಂದೆ.

ಒಳಕೋಣೆಯ ಹೊರಸಿನ ಮೇಲೆ ಮಲಗಿದ್ದ ಮಗಳು ನನ್ನನ್ನೇ ನೋಡುತ್ತಿದ್ದಳು. ಮೆಲ್ಲಗೆ ಎದ್ದು ಬಂದು ನನ್ನ ಬಾಜು ಕೂತಳು. ಕೂಸಿನ ನೆತ್ತಿ ತಾನೂ ಮೂಸಿದಳು.

"ಮೊದಲ ಕೊಬ್ಬರಿ ಎಣ್ಣಿ ವಾಸನಿ ಬರತೈತಪ್ಪಾ" ಎಂದಳು. "ಆಮ್ಯಾಲ ಅವ್ವ ತೇದು ಹಚ್ಚಿದ ಬಜಿ ಬೇರಿಂದು. ಅದರ ಕೆಳಗ ಹಾಲಿಂದು, ಸ್ವಲ್ಪ ಹುಳಿ ಆಗೇತಿ."

ಅವಳು ಒಂದೊಂದೇ ಹೇಳುತ್ತ ಹೋದಳು, ನಾನು ಕೂಸಿನ ನೆತ್ತಿಯಿಂದ ಮೂಗು ತೆಗೆಯಲಿಲ್ಲ.